ಗುಳಿಗೆ ಬಿತ್ತುವ ಊರಿನಲ್ಲಿ

ನಮ್ಮೂರಿನಲ್ಲಿ ಗುಳಿಗೆಯನ್ನು ನುಂಗುವ ಮೊದಲು ಒಂದನ್ನು ಬಿತ್ತುತ್ತಾರೆ. ಜ್ವರದ ಗುಳಿಗೆಗೆ ಹಾಗೆ ಕಾಯಲಾಗುವುದಿಲ್ಲ, ಅದರ ಮಾತು ಬೇರೆ. ಶಕ್ತಿಗೆ, ಕೂದಲಿಗೆ, ಮೂಳೆಗೆ, ಮಕ್ಕಳ ಬೆಳವಣಿಗೆಗೆ ಎಂದು ನಾವೇ ಕೊಂಡು ತರುತ್ತೇವಲ್ಲ, ಅಂಥವಕ್ಕೆ ಈ ಪದ್ಧತಿ. ಬಾಟಲಿ ತಂದ ಸಂಜೆಯೇ ಅದರಿಂದ ಒಂದನ್ನು ಕುಂಡದ ಮಣ್ಣಿನಲ್ಲಿ ಅರ್ಧ ಬೆರಳಿನಷ್ಟು ಆಳಕ್ಕೆ ಊರಿ, ಮೇಲೆ ಒಂದು ಲೋಟ ನೀರು ಹಾಕಿ, ಏಳು ದಿನ ಕಾಯಬೇಕು. ಕಬ್ಬಿಣದ ಗುಳಿಗೆಯಾದರೆ ಕೆಂಪು ಹರಿವೆ ಏಳುತ್ತದೆ. ಕ್ಯಾಲ್ಸಿಯಂ ಆದರೆ ರಾಗಿ. ವಿಟಮಿನ್ ಡಿ ಆದರೆ ಸೂರ್ಯಕಾಂತಿ. ಸೀಮೆಸುಣ್ಣ ಅರೆದು ತುಂಬಿದ್ದರೆ ಏನೂ ಏಳುವುದಿಲ್ಲ, ಮಣ್ಣಿನ ಮೇಲೆ ಬೂದಿಯಂಥ ಪದರ ಕಟ್ಟುತ್ತದೆ. ಗಿಡಮೂಲಿಕೆಯ ಪುಡಿ ಎಂದು ಹೇಳಿ ಒಳಗೆ ಸ್ಟೀರಾಯ್ಡ್ ಬೆರೆಸಿದ್ದರೆ ಉಮ್ಮತ್ತಿ ಗಿಡ ತಲೆಯೆತ್ತುತ್ತದೆ. ಆ ಪುಡಿ ಅವತ್ತೇ ಚರಂಡಿಗೆ ಹೋಗುತ್ತದೆ.

ಹೀಗಾಗಿ ನಮ್ಮಲ್ಲಿ ಯಾವ ಮನೆಯ ಕಾಂಪೌಂಡು ನೋಡಿದರೂ ಸಾಲಾಗಿ ಕುಂಡಗಳು. ಕುಂಡವಿಲ್ಲದವರು ಒಡೆದ ಬಿಂದಿಗೆ, ಎಣ್ಣೆಯ ಡಬ್ಬಿ, ತೂತು ಬಿದ್ದ ಇಡ್ಲಿ ಪಾತ್ರೆ ಇಟ್ಟುಕೊಳ್ಳುತ್ತಾರೆ. ಮೊಳಕೆ ಎಲ್ಲರಿಗೂ ಬರುತ್ತದೆ, ಆದರೆ ಅದನ್ನು ಗುರುತಿಸುವುದು ಎಲ್ಲರಿಗೂ ಬರುವುದಿಲ್ಲ. ಎರಡೆಲೆಯಲ್ಲಿದ್ದಾಗ ಹರಿವೆ ಯಾವುದು, ಕಳೆ ಯಾವುದು ಎಂದು ಹೇಳಲು ಕಣ್ಣು ಬೇಕು. ನನಗೆ ಆ ಕಣ್ಣಿದೆ. ಹನ್ನೆರಡು ವರ್ಷದಿಂದ ಬೆಳಗಿನ ತಿಂಡಿ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ನಮ್ಮ ಹಿತ್ತಿಲ ಬಾಗಿಲಲ್ಲಿ ಯಾರಾದರೊಬ್ಬರು ಕುಂಡ ಹಿಡಿದು ನಿಂತಿರುತ್ತಾರೆ. ಕೈ ಒರೆಸಿಕೊಂಡು, ಎಲೆಯ ಬೆನ್ನು ತಿರುಗಿಸಿ ನೋಡಿ, ಒಮ್ಮೆ ಮೂಸಿ, "ತಗೊಳ್ಳಿ" ಎಂದೋ "ಬೇಡ" ಎಂದೋ ಹೇಳಿ ಮತ್ತೆ ಪಾತ್ರೆಗೆ ಕೂರುತ್ತೇನೆ. "ಪಂಕಜಕ್ಕ ನೋಡಿದ್ರೆ ಸಾಕು" ಎನ್ನುವುದು ನಮ್ಮ ಬೀದಿಯ ಮಾತು. ಆ ಮಾತಿಗೆ ನಾನು ಉಬ್ಬುತ್ತಿದ್ದೆ. ಸುಳ್ಳೇಕೆ ಹೇಳಲಿ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಮ್ಮೂರಿನ ಮೆಡಿಕಲ್ ಷಾಪಿನ ಹಾಲಪ್ಪ ಯಾವ ಬಾಟಲಿಯನ್ನೂ ಅದಕ್ಕೆ ಅಂಟಿಸಿದ ಚೀಟಿಯ ಸಮೇತ ಮಾರುವುದಿಲ್ಲ. ಬಂದ ಸರಕನ್ನೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಚೀಟಿ ಸುಲಿದು, ಬರಿಯ ಬಾಟಲಿ ಕೊಡುತ್ತಾನೆ. ಪುಡಿಯ ಪೊಟ್ಟಣಗಳಾದರೆ ನಿಮ್ಮೆದುರಿಗೇ ಕತ್ತರಿಸಿ ನೀವು ತಂದ ಡಬ್ಬಿಗೆ ಸುರಿದು, ಖಾಲಿ ಪೊಟ್ಟಣ ತನ್ನ ಗೋಣಿಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅವರಪ್ಪನ ಕಾಲದಿಂದಲೂ ಹಾಗೆಯೇ. "ಚೀಟಿ ಬರೆಯೋನು ಸರಕು ಖಾಲಿಯಾಗ್ಲಿ ಅಂತ ಬರೀತಾನಕ್ಕ. ಗಿಡಕ್ಕೇನು ಕಮಿಷನ್ ಕೊಡ್ತಾರಾ?" ಎಂದು ನಗುತ್ತಾನೆ. ನಾವೂ ನಗುತ್ತಿದ್ದೆವು. ಚೀಟಿ ಓದುವವರನ್ನು ಕಂಡರೆ ಇವರಿಗೆ ಗಿಡ ಓದಲು ಬರುವುದಿಲ್ಲ ಪಾಪ ಎಂದುಕೊಳ್ಳುತ್ತಿದ್ದೆವು.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಮೇದಿನಿಗೆ ಹನ್ನೆರಡು ತುಂಬಿತ್ತು. ಒಂದೇ ವರ್ಷದಲ್ಲಿ ಲಂಗ ಮೊಣಕಾಲಿಗೆ ಬಂದಿತ್ತು, ಅಷ್ಟು ಬೆಳೆದಿದ್ದಳು. ಸಂಜೆ ಶಾಲೆಯಿಂದ ಬಂದವಳೇ "ಅಮ್ಮಾ, ಮೊಣಕಾಲ ಕೆಳಗೆ ಎಳೀತೈತೆ" ಎಂದು ಜಗಲಿಯ ಮೇಲೆ ಕೂತುಬಿಡುತ್ತಿದ್ದಳು. ಬೆಳೆಯುವ ಮಕ್ಕಳಿಗೆ ಹಾಗಾಗುತ್ತದೆ ಎಂದು ನಾಲ್ಕು ದಿನ ಎಣ್ಣೆ ಹಚ್ಚಿದೆ. ಐದನೆಯ ದಿನ ಮೂಳೆಗೆ ಬಲ ಕಡಿಮೆಯಾಗಿರಬೇಕು ಎನ್ನಿಸಿತು. ಯಾರನ್ನೂ ಕೇಳಲಿಲ್ಲ. ಊರೇ ನನ್ನನ್ನು ಕೇಳುವಾಗ ನಾನು ಯಾರನ್ನು ಕೇಳಲಿ?

ಹಾಲಪ್ಪನಲ್ಲಿಗೆ ಹೋಗಿ ಮೂರು ತಂದೆ. ಹಾಲಿಗೆ ಬೆರೆಸುವ ಒಂದು ಪುಡಿ. ಮಿಠಾಯಿಯಂತೆ ಅಗಿಯುವ ಒಂದು ಬಗೆಯ ಗುಳಿಗೆ, ಕಿತ್ತಳೆ ಹಣ್ಣಿನ ರುಚಿಯದು. ಇನ್ನೊಂದು, ಸಕ್ಕರೆಯ ಹರಳಿನಂಥದ್ದು ತುಂಬಿದ ಸಣ್ಣ ಪೊಟ್ಟಣಗಳು. ಹಾಲಪ್ಪ ಪೊಟ್ಟಣಗಳನ್ನು ಕತ್ತರಿಸಿ ನನ್ನ ಸ್ಟೀಲ್ ಡಬ್ಬಿಗೆ ಸುರಿದು, ಒಂದು ಪೊಟ್ಟಣದಷ್ಟು ಹಿಡಿಯುವ ಪುಟ್ಟ ಚಮಚವೊಂದನ್ನು ಒಳಗೆ ಹಾಕಿ, "ಇದು ಸ್ವಲ್ಪ ಜೋರು ಮಾಲು ಕಣಕ್ಕ, ನಿಧಾನಕ್ಕೆ ಕೊಡು" ಎಂದಿದ್ದ. "ಬಿತ್ತಿ ನೋಡ್ತೀನಿ ಬಿಡು" ಎಂದು ಬಂದಿದ್ದೆ. ಮೂರು ಕುಂಡದಲ್ಲಿ ಮೂರನ್ನೂ ಬೇರೆ ಬೇರೆ ಬಿತ್ತಿದೆ. ಏಳನೆಯ ದಿನ ಪುಡಿಯ ಕುಂಡದಲ್ಲಿ ರಾಗಿ, ಪಕ್ಕದಲ್ಲಿ ಸೂರ್ಯಕಾಂತಿ. ಮಿಠಾಯಿಯದರಲ್ಲಿ ಸೂರ್ಯಕಾಂತಿ. ಹರಳಿನದರಲ್ಲಿಯೂ ಸೂರ್ಯಕಾಂತಿ. ಕಳೆಯಿಲ್ಲ, ಬೂದಿಯಿಲ್ಲ, ಎಲೆಗೆ ಒಂದು ಚುಕ್ಕೆಯಿಲ್ಲ. ಮೂರೂ ಗೇಣುದ್ದ, ಅಚ್ಚು ಹಾಕಿದಂತೆ. ಅಷ್ಟು ಶುದ್ಧವಾದ ಸರಕನ್ನು ನಾನು ಆ ವರ್ಷ ಕಂಡಿರಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಮೂರನ್ನೂ ಶುರುಮಾಡಿದೆ. ಹಾಲಿಗೆ ಎರಡು ಚಮಚ ಪುಡಿ, ಅದರ ಮೇಲೆ ಹರಳಿನ ಡಬ್ಬಿಯೊಳಗೇ ಇರುವ ಪುಟ್ಟ ಚಮಚದಲ್ಲಿ ಒಂದು, ಶಾಲೆಗೆ ಹೋಗುವಾಗ ಬಾಯಿಗೊಂದು ಮಿಠಾಯಿ. ಒಂದು ದಿನವೂ ತಪ್ಪಿಸಲಿಲ್ಲ. ಐದು ವಾರ.

ಮೂರನೆಯ ವಾರ ಮೇದಿನಿ ನೀರು ಕುಡಿಯಲು ಶುರುಮಾಡಿದಳು. ಒಂದು ಬಾಟಲಿ ಶಾಲೆಗೆ ಸಾಲದೆ ಎರಡು ಒಯ್ದಳು. ಬಿಸಿಲು ಎಂದುಕೊಂಡೆ. ಪಾಠದ ನಡುವೆ ಮೂರು ಸಲ ಬಚ್ಚಲಿಗೆ ಎದ್ದು ಹೋಗುತ್ತಾಳೆಂದು ಅವಳ ಟೀಚರ್ ಹೇಳಿ ಕಳಿಸಿದರು. ಅಷ್ಟು ನೀರು ಕುಡಿದರೆ ಇನ್ನೇನು ಎಂದುಕೊಂಡೆ. ನಾಲ್ಕನೆಯ ವಾರ ಊಟ ಬಿಟ್ಟಳು. ಎರಡು ತುತ್ತಿಗೆ ಓಕರಿಕೆ. ಹೊಟ್ಟೆ ಕಟ್ಟಿತು. ಕರೆದರೆ ಒಂದು ಗಳಿಗೆ ತಡೆದು ತಿರುಗಿ ನೋಡುತ್ತಿದ್ದಳು, ಎಲ್ಲೋ ದೂರದಿಂದ ಬಂದವಳ ಹಾಗೆ.

"ಹುಡುಗಿ ಸೊರಗೈತೆ ಕಣೆ" ಎಂದರು ಅವಳಪ್ಪ. "ಏನು ಕೊಡ್ತಿದ್ದೀಯ ನೀನು?"

"ಚೆನ್ನಾಗಿರೋದನ್ನೇ ಕೊಡ್ತಿದ್ದೀನಿ. ಬೇಕಾದ್ರೆ ನೋಡಿ, ಇನ್ನೊಂದ್ಸಲ ಬಿತ್ತಿದ್ದೀನಿ."

ನಿಜವಾಗಿಯೂ ಬಿತ್ತಿದ್ದೆ. ಸರಕು ಕೆಟ್ಟಿದೆಯೋ ಏನೋ ಎಂಬ ಅನುಮಾನಕ್ಕೆ ಮೂರನ್ನೂ ಹೊಸ ಮಣ್ಣಿನಲ್ಲಿ ಊರಿದ್ದೆ. ಮತ್ತೆ ಅದೇ ರಾಗಿ, ಅದೇ ಸೂರ್ಯಕಾಂತಿ, ಅದೇ ಗೇಣುದ್ದ. ನನಗೆ ಸಮಾಧಾನವಾಯಿತು. ಊಟ ಬಿಟ್ಟ ಮಗುವಿಗೆ ಇದಾದರೂ ಹೊಟ್ಟೆಗೆ ಹೋಗಲಿ ಎಂದು ಬಲವಂತವಾಗಿ ಕುಡಿಸಿದೆ. ಮೂಗು ಹಿಡಿದು ಕುಡಿಸಿದೆ. ಇದನ್ನೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಓದುವವರಲ್ಲಿ ಯಾರೋ ಒಬ್ಬರು ಈಗ ಹಾಗೆಯೇ ಕುಡಿಸುತ್ತಿರಬಹುದು.

ಐದನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಮೇದಿನಿ ಬಚ್ಚಲ ಬಾಗಿಲಲ್ಲಿ ಕುಸಿದಳು. ಅವಳಪ್ಪ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ನಮ್ಮ ಪುಟ್ಟ ಸರ್ಕಾರಿ ಆಸ್ಪತ್ರೆಗೆ ಆಗಷ್ಟೇ ಹೊರಗಿನಿಂದ ಹೊಸ ಡಾಕ್ಟರ್ ಬಂದಿದ್ದರು. ಫರ್ಜಾನಾ ಎಂದು, ನನಗಿಂತ ಹತ್ತು ವರ್ಷ ಚಿಕ್ಕವರು. ಮಗುವಿನ ನಾಲಿಗೆ ನೋಡಿದರು, ಚರ್ಮ ಹಿಡಿದು ಎಳೆದು ನೋಡಿದರು, ರಕ್ತ ತೆಗೆದರು.

"ಬೇರೆ ಏನು ಔಷಧಿ ಕೊಡ್ತಿದ್ದೀರಮ್ಮ?"

"ಔಷಧಿ ಏನೂ ಇಲ್ಲ ಡಾಕ್ಟ್ರೇ. ಬರೀ ಶಕ್ತಿಗೆ ಅಂತ..."

"ಆ ಬರೀ ಅಂದ್ರಲ್ಲ, ಅದನ್ನೇ ಹೇಳಿ. ಹೇಳೋದು ಬೇಡ, ಮನೇಲಿ ಏನೇನಿದೆಯೋ ಎಲ್ಲಾ ತಗೊಂಡು ಬನ್ನಿ. ಒಂದೂ ಬಿಡಬೇಡಿ."

ಓಡಿ ಹೋಗಿ ಡಬ್ಬಿ ಬಾಟಲಿಗಳನ್ನು ಚೀಲಕ್ಕೆ ತುಂಬಿದೆ. ಮೂರು ಕುಂಡಗಳನ್ನೂ ಬುಟ್ಟಿಯಲ್ಲಿಟ್ಟು ಸೊಂಟಕ್ಕೇರಿಸಿಕೊಂಡು ಬಂದೆ. ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು, ದಿನಾ ಹೇಗೆ ಕೊಟ್ಟೆ ಎಂದು ಹೇಳಿದೆ. ಆಗಲೂ ನನ್ನಲ್ಲಿ ಹೆಮ್ಮೆಯಿತ್ತು. ಹೊರಗಿನವರಿಗೆ ನಮ್ಮ ಗಿಡ ತೋರಿಸುವ ಹೆಮ್ಮೆ.

ಡಾಕ್ಟರ್ ನಗಲಿಲ್ಲ. ಪ್ರತಿ ಕುಂಡವನ್ನೂ ತಿರುಗಿಸಿ ನೋಡಿದರು. "ಚೆನ್ನಾಗಿ ಬೆಳೆಸಿದ್ದೀರಿ. ಮೂರರಲ್ಲೂ ಡಿ ಇದೆ ಅಂತ ನನಗೂ ಗೊತ್ತಾಯ್ತು. ಎಷ್ಟಿದೆ?"

"ಮೂರು ಗಿಡ."

"ಗಿಡ ಅಲ್ಲಮ್ಮ. ಈ ಪುಟ್ಟ ಚಮಚದಲ್ಲಿ ಒಂದು ಕೊಟ್ರಲ್ಲ ದಿನಾ, ಅದರಲ್ಲಿ ಎಷ್ಟು ಯೂನಿಟ್ ಇತ್ತು?"

ಹನ್ನೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ನಮ್ಮ ಮಣ್ಣಿನಲ್ಲಿ ಸಾಸಿವೆಯಷ್ಟು ಊರಿದರೂ ಹಿಡಿ ತುಂಬ ಊರಿದರೂ ಏಳುವುದು ಅದೇ ಗೇಣುದ್ದದ ಗಿಡ. ಒಳಗೆ ಏನಿದೆ ಎಂದು ಅದು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಇದು ಎಲ್ಲರ ಕಣ್ಣೆದುರಿಗೇ ಇತ್ತು. ಮೇಜಿನ ಮೇಲಿದ್ದ ಆ ಮೂರು ಸೂರ್ಯಕಾಂತಿಗಳನ್ನು ನೋಡುತ್ತಾ ನಿಂತೆ.

"ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದೆ" ಎಂದರು ಡಾಕ್ಟರ್, ಕೈಯಲ್ಲಿದ್ದ ಕಾಗದ ಮಡಿಸುತ್ತಾ. "ಕಿಡ್ನಿಗೆ ಹೊಡೆತ ಬೀಳಬಹುದು. ಡಿ ಎಷ್ಟಿದೆ ಅಂತ ತಿಳಿಯೋ ಪರೀಕ್ಷೆ ಹೊರಗಡೆ ಆಗಬೇಕು, ನಾಲ್ಕು ದಿನ ಹಿಡಿಯುತ್ತೆ. ಡ್ರಿಪ್ ಈಗಲೇ ಹಾಕ್ತೀನಿ. ಆದ್ರೆ ಒಟ್ಟು ಎಷ್ಟು ಹೋಗಿದೆ ಅಂತ ಗೊತ್ತಾದ್ರೆ ಇವಳನ್ನ ಇಲ್ಲೇ ಇಟ್ಕೋಬೇಕಾ, ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾ, ಎಷ್ಟು ದಿನ ಕಾಯಬೇಕು, ಎಲ್ಲಾ ಇವತ್ತೇ ತೀರ್ಮಾನ ಮಾಡ್ಬಹುದು. ಅದರ ಚೀಟಿ ಎಲ್ಲಿ?"

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಹಾಲಪ್ಪ ಅಂಗಡಿಯ ಮುಂದೆ ಬಕೆಟ್ಟಿನಲ್ಲಿ ಬಾಟಲಿ ತಿಕ್ಕುತ್ತಾ ಕೂತಿದ್ದ.

"ಹಾಲಪ್ಪಣ್ಣ, ಚೀಟಿ ಬೇಕು. ಆ ಹರಳಿನ ಪೊಟ್ಟಣದ್ದು."

"ಚೀಟಿನಾ? ಯಾಕಕ್ಕ, ಗಿಡ ಬರ್ಲಿಲ್ವಾ?"

"ಗಿಡ ಬಂದೈತೆ. ಚೀಟಿ ಕೊಡು."

ನನ್ನ ಮುಖ ನೋಡಿ ಅವನು ಬಾಟಲಿ ಕೆಳಗಿಟ್ಟ. "ಗೋಣಿಚೀಲ ತುಂಬ್ತಲ್ಲ, ನಿನ್ನೆ ಹಿತ್ತಿಲಿಗೆ ಹಾಕ್ದೆ. ನಮ್ಮನೆಯವಳು ನೀರೊಲೆಗೆ..." ಎಂದವನು ಮಾತು ನಿಲ್ಲಿಸಿ ಒಳಗೆ ಓಡಿದ. ಅವನ ಹಿಂದೆ ನಾನು. ಹಿತ್ತಿಲಲ್ಲಿ ಅವನ ಹೆಂಡತಿ ನೀಲವ್ವ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಿಡಿ ಹಿಡಿಯಾಗಿ ಕಾಗದ ಒಳಗೆ ತಳ್ಳುತ್ತಿದ್ದಳು.

"ನೀಲಾ, ನಿಲ್ಸು! ಹಾಕ್ಬೇಡ!"

"ಯಾಕ್ರೀ, ನೀರು ಕಾಯೋದು ಬೇಡ್ವಾ? ತಲೆಗೆ ಎಣ್ಣೆ ಹಚ್ಕೊಂಡು ಕೂತಿದ್ದೀನಿ ನಾನು!"

ಚೀಲವನ್ನು ಅವಳ ಕೈಯಿಂದ ಕಿತ್ತು ನೆಲಕ್ಕೆ ಸುರಿದೆ. ವಿಷಯ ತಿಳಿದದ್ದೇ ನೀಲವ್ವ ಮರುಮಾತಾಡದೆ ಎಣ್ಣೆ ಕೈಯಲ್ಲೇ ಹುಡುಕಲು ಕೂತಳು. ಮೂವರೂ ಮಂಡಿಯೂರಿ ಒಂದೊಂದನ್ನೇ ಬಿಡಿಸಿದೆವು. ಎಷ್ಟೊಂದು ಬರೆದಿತ್ತು ಆ ಚೀಟಿಗಳ ಮೇಲೆ! ಗರ್ಭಿಣಿಯರು ಕೇಳದೆ ತೆಗೆದುಕೊಳ್ಳಬಾರದು. ಆರು ವರ್ಷದ ಕೆಳಗಿನ ಮಕ್ಕಳಿಗಲ್ಲ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಇಂಥ ತಿಂಗಳು ಕಳೆದ ಮೇಲೆ ಬಳಸಬೇಡಿ. ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು, ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷಿಗೆ ಅಷ್ಟು ಸಾಕಾಯಿತು. ಊರಿಗೆ ಊರೇ ಓದಬೇಕಾಗಿದ್ದದ್ದು ನೀಲವ್ವನ ಬಿಸಿನೀರಾಗುತ್ತಿತ್ತು.

ಪುಡಿಯದು ಸಿಕ್ಕಿತು. ಮಿಠಾಯಿಯದೂ ಸಿಕ್ಕಿತು. ಹರಳಿನ ಪೊಟ್ಟಣ ಕೊನೆಗೆ ಸಿಕ್ಕಿದ್ದು ಒಲೆಯ ಬಾಯಲ್ಲಿ, ಒಂದು ಅಂಚು ಸುಟ್ಟು ಮುರುಟಿಕೊಂಡಿತ್ತು. ನೀಲವ್ವ ಬರಿಗೈಯಲ್ಲೇ ಎಳೆದು ಊದಿ ಕೊಟ್ಟಳು. ಅರವತ್ತು ಸಾವಿರ ಯೂನಿಟ್. ಅದರ ಕೆಳಗೆ, ಬೆಂಕಿ ಮುಟ್ಟದ ಕಡೆ: ವೈದ್ಯರ ಸಲಹೆಯ ಮೇರೆಗೆ, ವಾರಕ್ಕೊಂದು.

ಹಾಲಪ್ಪ ನನ್ನ ಹೆಗಲ ಮೇಲಿಂದ ಓದಿದ. "ನೀನು ದಿನಾ ಕೊಟ್ಟೆಯಾ ಅಕ್ಕ?" ಎಂದ.

ಡಾಕ್ಟರ್ ಪೊಟ್ಟಣ ಓದಿ, ಐದು ವಾರದ ದಿನಗಳನ್ನು ಕೇಳಿ, ಕಾಗದದ ಮೇಲೆ ಗುಣಿಸಿದರು. "ಈ ವಯಸ್ಸಿನ ಮಗುವಿಗೆ ದಿನಕ್ಕೆ ಆರುನೂರು ಯೂನಿಟ್ ಸಾಕು. ಒಂದು ಪೊಟ್ಟಣ ಅಂದ್ರೆ ನೂರು ದಿನದ್ದು. ನೀವು ಮೂವತ್ತೈದು ಕೊಟ್ಟಿದ್ದೀರಿ. ಪುಡಿ, ಮಿಠಾಯಿ ಬೇರೆ." ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿದರು. "ಒಂಬತ್ತು ವರ್ಷಕ್ಕೂ ಮೀರಿದ್ದನ್ನ ಐದು ವಾರದಲ್ಲಿ ಕೊಟ್ಟಿದ್ದೀರಮ್ಮ. ಕೆಲವು ವಿಟಮಿನ್ ಹೆಚ್ಚಾದ್ರೆ ಮೂತ್ರದಲ್ಲಿ ಹೋಗಿಬಿಡುತ್ತೆ. ಇದು ಹೋಗಲ್ಲ. ಮೈಯ ಕೊಬ್ಬಲ್ಲಿ ಕೂತ್ಕೊಳ್ಳುತ್ತೆ."

"ಬದುಕ್ತಾಳಾ?"

"ಬದುಕ್ತಾಳೆ. ಇನ್ನೆರಡು ವಾರ ಹೀಗೇ ಕುಡಿಸಿದ್ರೆ ನಾನು ಇಷ್ಟು ಧೈರ್ಯವಾಗಿ ಹೇಳ್ತಿರ್ಲಿಲ್ಲ. ಹಾಲು, ಮೊಸರು, ರಾಗಿ ಎಲ್ಲಾ ಬಂದ್. ನೀರು, ಡ್ರಿಪ್, ದಿನಾ ರಕ್ತ ಪರೀಕ್ಷೆ. ಎರಡು ದಿನದಲ್ಲಿ ಇಳೀದಿದ್ರೆ ದೊಡ್ಡಾಸ್ಪತ್ರೆ."

ಹೀಗೆ ನಾನು ಆಸ್ಪತ್ರೆಯ ಮಂಚದ ಪಕ್ಕ ಕೂತೆ. ಮೇದಿನಿಯ ಕೈಯಲ್ಲಿ ಸೂಜಿ, ಮೇಲೆ ಹನಿ ಹನಿ ಇಳಿಯುವ ನೀರು. ಎಷ್ಟು ಕುಡಿದಳು, ಎಷ್ಟು ಹೊರಗೆ ಹೋಯಿತು ಎಂದು ಡಾಕ್ಟರ್ ನನ್ನ ಕೈಯಲ್ಲೇ ಬರೆಸಿದರು. ಹೀಗೆ ಲೆಕ್ಕ ಬರೆದಿಡುವುದನ್ನು ನಾನು ಕಲಿತದ್ದು ಅಲ್ಲಿಯೇ. ಮೊದಲ ದಿನ ಕ್ಯಾಲ್ಸಿಯಂ ಇಳಿಯಲಿಲ್ಲ. ಎರಡನೆಯ ದಿನ ಕೂದಲೆಳೆಯಷ್ಟು ಇಳಿಯಿತು. "ಸಾಕು, ಇಲ್ಲೇ ಇರಲಿ" ಎಂದರು.

ಮೂರನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ರುದ್ರಮ್ಮತ್ತೆ ಮಗುವನ್ನು ನೋಡಲು ಬಂದರು. ಒಂದು ಕೈಯಲ್ಲಿ ಎಳನೀರು, ಇನ್ನೊಂದು ಕೈಯಲ್ಲಿ ಕುಂಡ.

"ಹೆಂಗೈತೆ ಮಗು? ಹಾಂ, ಬಂದದ್ದೇ ಬಂದೆ, ಇದನ್ನೊಂದು ನೋಡ್ಬಿಡೆ ಪಂಕಜಿ. ಬೆಳ್ಳುಳ್ಳಿ ಕ್ಯಾಪ್ಸೂಲಂತೆ. ನಮ್ಮ ಸೊಸೆಯ ತಾಯಿ ಕೊಟ್ಟದ್ದು."

ಕುಂಡದಲ್ಲಿ ಬೆಳ್ಳುಳ್ಳಿಯ ಹಸಿರು ದಂಟು ಸೊಗಸಾಗಿ ಎದ್ದಿತ್ತು. ಮುರಿದರೆ ಘಮ್ಮೆನ್ನುವಂಥದ್ದು. ವಾರದ ಹಿಂದಾಗಿದ್ದರೆ "ತಗೊಳ್ಳಿ" ಎಂದು ಕಳಿಸುತ್ತಿದ್ದೆ.

"ಗಿಡ ಸರಿಯಾಗೈತೆ ಅತ್ತೆ. ದಿನಕ್ಕೆ ಎಷ್ಟು ಅಂತ ಬರೆದೈತೆ?"

"ನಂಗೇನು ಗೊತ್ತು. ಎರಡು ನುಂಗ್ತಿದ್ದೀನಿ. ಒಳ್ಳೇದಲ್ವಾ, ಬೆಳ್ಳುಳ್ಳಿ ತಾನೇ?"

"ಆಗ್ಲೇ ನುಂಗ್ತಿದ್ದೀರಾ? ಹೋದ ವರ್ಷ ಎದೆನೋವಿಗೆ ರಕ್ತ ತೆಳು ಮಾಡೋ ಗುಳಿಗೆ ಕೊಟ್ಟಿದ್ರಲ್ಲ, ಅದು ಈಗಲೂ ನಡೀತೈತಾ?"

"ನಡೀತೈತೆ. ಅದಕ್ಕೂ ಇದಕ್ಕೂ ಏನು? ನೀನು ಗಿಡ ನೋಡೋಳೋ ಪೊಲೀಸೋ? ಹಲ್ಲುಜ್ಜಿದ್ರೆ ಒಸಡಲ್ಲಿ ರಕ್ತ ಬರ್ತೈತೆ, ಅದಕ್ಕೂ ಏನಾದ್ರೂ ಇದ್ರೆ ಹೇಳು, ಬಿತ್ತಿ ನೋಡ್ತೀನಿ."

ನಾನು ಎದ್ದು ನಿಂತೆ. ಆ ವಾರ್ಡಿನಲ್ಲಿ ನಮ್ಮೂರಿನವರೇ ಎಂಟು ಹತ್ತು ಜನರಿದ್ದರು, ಎಲ್ಲರೂ ಒಂದಲ್ಲ ಒಂದು ದಿನ ನನ್ನ ಹಿತ್ತಿಲಿಗೆ ಕುಂಡ ತಂದವರು. ಅವರಿಗೆಲ್ಲ ಕೇಳುವಂತೆ ಹೇಳಿದೆ. "ಅತ್ತೆ, ನನ್ನ ಮಗಳು ಇಲ್ಲಿ ಮಲಗಿರೋದು ನಾನು ಕೊಟ್ಟದ್ದರಿಂದ. ಕೆಟ್ಟ ಸರಕಲ್ಲ, ಮೂರಕ್ಕೂ ಒಳ್ಳೇ ಗಿಡ ಬಂದಿತ್ತು. ಮೂರರಲ್ಲೂ ಒಂದೇ ಇತ್ತು, ನಾನು ಕೂಡಿಸಿ ನೋಡ್ಲಿಲ್ಲ. ವಾರಕ್ಕೊಂದು ಕೊಡೋದನ್ನ ದಿನಾ ಕೊಟ್ಟೆ. ನನ್ನ ಗಿಡ ಅದನ್ನ ಹೇಳಲ್ಲ. ನೀವು ನುಂಗೋ ಇನ್ನೊಂದು ಗುಳಿಗೆ ಜೊತೆ ಇದು ಹೊಂದುತ್ತಾ ಅಂತಾನೂ ಹೇಳಲ್ಲ. ಡಾಕ್ಟರ್ ಒಳಗೇ ಇದ್ದಾರೆ, ಎರಡನ್ನೂ ತೋರ್ಸಿ. ಅಲ್ಲಿವರೆಗೆ ಬೆಳ್ಳುಳ್ಳಿದು ನುಂಗ್ಬೇಡಿ. ಹಾರ್ಟಿನದನ್ನ ನಿಲ್ಲಿಸ್ಬೇಡಿ."

ರುದ್ರಮ್ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ದಿನ ನಮ್ಮ ಕೈಲಿ ನುಂಗಿಸಿದ್ದೆಲ್ಲ ಹಂಗಾರೆ?"

"ಅದನ್ನೂ ತಗೊಂಡು ಬನ್ನಿ. ಎಲ್ಲರೂ ತನ್ನಿ."

ಅವರು ಕುಂಡವನ್ನು ನನ್ನ ಕಾಲ ಬಳಿ ಸ್ವಲ್ಪ ಜೋರಾಗಿಯೇ ಇಟ್ಟು ಡಾಕ್ಟರ ಕೋಣೆಗೆ ಹೋದರು. ಬೆಳ್ಳುಳ್ಳಿಯೂ ರಕ್ತ ತೆಳು ಮಾಡುತ್ತದೆಂದು ಡಾಕ್ಟರ್ ಅದನ್ನು ನಿಲ್ಲಿಸಿದರೆಂದು ಆಮೇಲೆ ತಿಳಿಯಿತು. ಹೊರಗೆ ಬಂದಾಗ ನನ್ನ ಜೊತೆ ಮಾತಾಡಲಿಲ್ಲ. ಆದರೆ ಆ ಸಂಜೆ ಅವರ ಸೊಸೆ ಮನೆಯ ಬಾಟಲಿಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಬಂದು ಸಾಲಿನಲ್ಲಿ ನಿಂತಿದ್ದಳು. ಅವಳ ಹಿಂದೆ ಇನ್ನೂ ಮೂರು ಬುಟ್ಟಿ. ಹಾಲಪ್ಪ ಚೀಟಿಗಳನ್ನು ಇಸ್ತ್ರಿ ಹಾಕಿ ಒಣಗಿಸಿ ತಂದಿದ್ದ, ಯಾವ ಬಾಟಲಿಗೆ ಯಾವುದು ಎಂದು ಹೊಂದಿಸಲು. ಒಂದಿಷ್ಟು ಹೊಂದಿದವು, ಒಂದಿಷ್ಟು ಹೊಂದಲಿಲ್ಲ. ಹೊಂದದವುಗಳನ್ನು ಡಾಕ್ಟರ್ ಬಿಸಾಡಿಸಿದರು, ಎಷ್ಟು ಚೆನ್ನಾಗಿ ಮೊಳೆತಿದ್ದರೂ.

ನಾನು ಈಗಲೂ ಬಿತ್ತುತ್ತೇನೆ. ಬಿಡುವುದಿಲ್ಲ. ಉಮ್ಮತ್ತಿಯನ್ನು ನಮ್ಮ ಮಣ್ಣಿನಷ್ಟು ಬೇಗ ಹಿಡಿಯುವ ಚೀಟಿ ಇನ್ನೂ ಅಚ್ಚಾಗಿಲ್ಲ. ಆದರೆ ಹಿತ್ತಿಲಿಗೆ ಕುಂಡ ತಂದವರಿಗೆ ಗಿಡ ಮುಟ್ಟುವ ಮೊದಲೇ ಕೇಳುತ್ತೇನೆ: ಯಾರಿಗೆ, ಯಾಕೆ, ಯಾರು ಹೇಳಿದರು, ದಿನಕ್ಕೆಷ್ಟು, ಜೊತೆಗೆ ಇನ್ನೇನು. ಉತ್ತರ ಬರದಿದ್ದರೆ ಗಿಡ ನೋಡುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಅನ್ನ ಸಾರು ಸೊಪ್ಪು ತಿಂದು ಗಟ್ಟಿಯಾಗಿರುವವರಿಗೆ ಏನೂ ಬೇಕಾಗಿಲ್ಲ ಎಂದೂ ಹೇಳಿ ಕಳಿಸುತ್ತೇನೆ, ಅದನ್ನು ಕೇಳಿದರೆ ಇನ್ನೂ ಸಿಟ್ಟು ಬರುತ್ತದೆ.

ಆಸ್ಪತ್ರೆಯ ಐದನೆಯ ದಿನದ ಮಾತು ಉಳಿದಿದೆ. ಅಂದು ಬೆಳಗಿನ ರಕ್ತ ಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿ ಇಳಿದಿತ್ತು. ಡಾಕ್ಟರ್ ಹೇಳಿದರು, ನಾನು ತಲೆಯಾಡಿಸಿದೆ, ಆದರೆ ಎದೆಯೊಳಗೆ ಅದು ಇಳಿಯಲಿಲ್ಲ. ಮಗು ಇನ್ನೂ ಹಾಗೆಯೇ ಮಲಗಿದ್ದಳು. ಮಧ್ಯಾಹ್ನ ಮನೆಗೆ ಹೋಗಿ ಅನ್ನ, ತೊಗರಿಬೇಳೆ ಸಾರು ಮಾಡಿ ತಂದೆ. ಮೂರು ವಾರದಿಂದ ಅವಳು ಇದು ಬೇಕು ಎಂದೂ ಕೇಳಿರಲಿಲ್ಲ, ಇದು ಬೇಡ ಎಂದೂ ಜಗಳ ತೆಗೆದಿರಲಿಲ್ಲ. ಬಾಯಿಗಿಟ್ಟರೆ ಹೊರಗೆ ಬರುತ್ತಿತ್ತು, ಅಷ್ಟೇ. ನಾನು ಒತ್ತಾಯ ಮಾಡಲಿಲ್ಲ. ತಟ್ಟೆಯನ್ನು ಅವಳ ಪಕ್ಕದಲ್ಲಿಟ್ಟು ಕಿಟಕಿಯ ಪರದೆ ಸರಿಪಡಿಸುತ್ತಾ ನಿಂತೆ. ಹಿಂದೆ ತಟ್ಟೆ ಸದ್ದಾಯಿತು. ತಿರುಗಲಿಲ್ಲ. ಒಂದು ತುತ್ತು ಹೋದ ಸದ್ದು. ಸ್ವಲ್ಪ ತಡೆದು ಇನ್ನೊಂದು.

"ಅಮ್ಮಾ."

"ಏನು ಮಗಾ?"

"ಏನಿದು ಸಾರು? ಉಪ್ಪೇ ಹಾಕಿಲ್ಲ ನೀನು."

ಅವಳ ಹುಬ್ಬು ಗಂಟಿಕ್ಕಿತ್ತು. ನಿಜವಾದ, ಚೆನ್ನಾಗಿ ರೇಗಿದ ಮುಖ. ಬೆರಳಲ್ಲಿ ಸಾರು ಹಚ್ಚಿ ನಾಲಿಗೆಗಿಟ್ಟು ನೋಡಿದೆ. ಹಾಕಿರಲಿಲ್ಲ. "ತರ್ತೀನಿ ಇರು, ಆರಿಹೋಗ್ದಂಗೆ ಮುಚ್ಚಿಟ್ಕೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಉಪ್ಪು ಕೇಳಲು ನರ್ಸಮ್ಮನ ಹತ್ತಿರ ಹೋದೆ.

"ಎಷ್ಟು ಬೇಕು?" ಎಂದಳು ಅವಳು.

"ಚಿಟಿಕೆ" ಎಂದೆ.